ಮಗಳ ದ್ರಾಕ್ಷಿ ಓದು

ಮಗಳಿಗೆ ಕಾಲೇಜು ಸೀಟು ಸಿಕ್ಕ ಸುದ್ದಿ ಬಂದಾಗ ನಾನು ಕೆಲಸ ಮಾಡುವ ಮೋರ್ಲಿಯ ಮಾಲ್‌ನ ಶೂ ಅಂಗಡಿಯಲ್ಲಿ ಒಬ್ಬ ತುಂಟ ಹುಡುಗನ ಪಾದ ಹಿಡಿದು ಕೂತಿದ್ದೆ. ಪರ್ತ್‌ನಲ್ಲಿ ಬೇಸಿಗೆ ರಜೆ ಮುಗಿದು ಶಾಲೆ ತೆರೆಯುವ ಮುಂಚಿನ ಜನವರಿಯಲ್ಲಿ ಊರಿನ ಮಕ್ಕಳ ಕಾಲೆಲ್ಲ ನನ್ನ ಕೈಯಲ್ಲೇ ಇರುತ್ತದೆ. ಅವನ ಹೆಬ್ಬೆರಳು ಶೂ ಒಳಗೆ ಎಲ್ಲಿದೆ ಎಂದು ಒತ್ತಿ ನೋಡುತ್ತಿದ್ದಾಗ ಮಗಳ ಮೆಸೇಜ್ ಬಂತು. ಪರ್ತ್‌ನಲ್ಲೇ ಫಾರ್ಮಸಿ ಸಿಕ್ಕಿದೆ ಎಂದು. ಸದ್ಯ, ದೇವರು ದೊಡ್ಡವನು ಎಂದುಕೊಂಡೆ. ಅದರ ಹಿಂದೆಯೇ ಇನ್ನೊಂದು ಬಂತು. ವಿಮಾನದಲ್ಲಿ ಮೂರು ಗಂಟೆ ದೂರದ ಅಡಿಲೇಡ್‌ನಲ್ಲೂ ಸಿಕ್ಕಿದೆಯಂತೆ. ಪಕ್ಕದಲ್ಲಿ ಒಂದು ದ್ರಾಕ್ಷಿ ಗೊಂಚಲಿನ ಚಿತ್ರ.

ಅಡಿಲೇಡ್‌ನದು ವೈನ್ ಮಾಡುವ ಓದು. ದ್ರಾಕ್ಷಿ ಬೆಳೆಯುವುದು, ಹಿಂಡುವುದು, ಹುಳಿ ಬರಿಸುವುದು, ಪೀಪಾಯಿಗೆ ತುಂಬುವುದು. ಇದಕ್ಕೂ ಡಿಗ್ರಿ ಕೊಡುತ್ತಾರೆ ಎಂದು ನನಗೆ ಗೊತ್ತಾಗಿದ್ದೇ ಇವಳಿಂದ. ಹಿಂದಿನ ಬೇಸಿಗೆಯಲ್ಲಿ ಪರ್ತ್ ಹತ್ತಿರದ ಸ್ವಾನ್ ವ್ಯಾಲಿಯ ಒಂದು ತೋಟದ ಮುಂದೆ ದ್ರಾಕ್ಷಿ ಮಾರುವ ರಜೆಯ ಕೆಲಸಕ್ಕೆ ಹೋಗಿದ್ದಳು. ಪಾಕೆಟ್ ಮನಿ ಆಗಲಿ ಎಂದು ನಾನೇ ಕಳಿಸಿದ್ದೆ. ಅಲ್ಲಿನ ಮುದುಕ ಯಜಮಾನ ಮಣ್ಣು, ಎಲೆ, ಸಿಹಿ ಅಂತ ಏನೇನೋ ಇವಳ ತಲೆಗೆ ತುಂಬಿ ಕಳಿಸಿದ. ಅವತ್ತಿನಿಂದ ಊಟದ ತಟ್ಟೆಯ ಮುಂದೆ ಕೂತರೂ ದ್ರಾಕ್ಷಿಯದೇ ಕಥೆ. ಅರ್ಜಿ ಹಾಕಿದ್ದೂ ತಮಾಷೆಗೆ ಎಂದು ನಾನು ಸುಮ್ಮನಿದ್ದೆ.

ಸಂಜೆ ಮನೆಗೆ ಬಂದವಳೇ ಶುರು ಮಾಡಿದೆ. "ನಿಮ್ಮಜ್ಜಿಗೆ ಏನಂತ ಹೇಳಲಿ? ಮೊಮ್ಮಗಳು ಹೆಂಡ ಮಾಡೋದು ಓದಕ್ಕೆ ಹೋಗ್ತಿದಾಳೆ ಅಂತಲಾ?"

ಅವಳಿಗೆ ಕನ್ನಡ ಚೆನ್ನಾಗಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಇಲ್ಲಿ ಅದನ್ನೆಲ್ಲ ನಾನೇ ಕನ್ನಡ ಮಾಡಿ ಬರೆಯುತ್ತಿದ್ದೇನೆ.

"ಅಮ್ಮಾ, ಅದು ಕೆಮಿಸ್ಟ್ರಿ. ಮತ್ತೆ, ವೈನ್ ಮಾಡೋರು ಕುಡಿಯಲ್ಲ. ಬಾಯಿಗೆ ಹಾಕ್ಕೊಂಡು ರುಚಿ ನೋಡಿ ಉಗೀತಾರೆ."

"ಉಗಿಯೋದಕ್ಕೆ ಡಿಗ್ರಿ ಬೇಕಾ? ಮೈಸೂರಲ್ಲಿ ಎಲೆಅಡಿಕೆ ಹಾಕೋರೆಲ್ಲ ಓದದೇ ಉಗೀತಾರೆ."

ಅವಳು ಬಿದ್ದು ಬಿದ್ದು ನಕ್ಕಳು. ನನ್ನ ಸಿಟ್ಟಿಗೆ ನಮ್ಮ ಮನೆಯಲ್ಲಿ ಇರುವ ಬೆಲೆ ಅಷ್ಟೇ. ನಗು ಬಂದರೆ ನನಗೂ ತಡೆಯಲಾಗುವುದಿಲ್ಲ, ಹಾಳಾದ್ದು.

ನನ್ನವರು ಡಾಕ್ಟರು, ಉತ್ತರದ ಒಂದು ಗಣಿ ಊರಿನ ಆಸ್ಪತ್ರೆಯಲ್ಲಿ ಕೆಲಸ. ಅರ್ಧ ತಿಂಗಳು ಅಲ್ಲಿ, ಅರ್ಧ ತಿಂಗಳು ಇಲ್ಲಿ. ಫೋನು ಮಾಡಿ ಕೇಳಿದರೆ "ಅವಳಿಷ್ಟ ಕಣೆ, ಅವಳ ಲೈಫು" ಎಂದರು. ದೂರದಲ್ಲಿ ಕೂತವರಿಗೆ ಧಾರಾಳ ಹೆಚ್ಚು. ಮನೆಯಲ್ಲಿ ವರ್ಷಗಟ್ಟಲೆ ದಿನಾ ಇದ್ದದ್ದು ನಾವಿಬ್ಬರೇ, ನಾನು ಮತ್ತು ಅವಳು. ಬೆಳಗಿನ ಕಾಫಿಗೆ ಅವಳು, ಟೀವಿ ಮುಂದೆ ಕಾಲು ಚಾಚಿದರೆ ಪಕ್ಕಕ್ಕೆ ಅವಳು, ಜಗಳಕ್ಕೂ ಅವಳು. ಅವಳು ಹೋದರೆ ಆ ಮನೆಯಲ್ಲಿ ನಾನು ಯಾರ ಜೊತೆ ಜಗಳವಾಡಲಿ? ಇದನ್ನು ಮಾತ್ರ ನಾನು ಬಾಯಿ ಬಿಟ್ಟು ಹೇಳಲಿಲ್ಲ. ಹೆಂಡ ಹೆಂಡ ಎಂದೇ ಕೂಗಾಡಿದೆ.

ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ಇಲ್ಲಿನ ಕನ್ನಡದವರು ಬಹಳ ಗಂಭೀರವಾಗಿ ತೆಗೆದುಕೊಂಡಿದ್ದೇವೆ. ನಮ್ಮ ಮಕ್ಕಳಿಗೆ ನಾವು ಹೇಳಿದರೆ ನಾಟುವುದಿಲ್ಲ, ಅದಕ್ಕೆ ಬೇರೆ ಮನೆಯ ಅಂಕಲ್, ಆಂಟಿಯರ ಕೈಯಲ್ಲಿ ಹೇಳಿಸುತ್ತೇವೆ. ಬುದ್ಧಿ ಹೇಳುವುದರಲ್ಲಿ ಕೊಡುಕೊಳ್ಳುವಿಕೆ ಇದು. ಇದರಲ್ಲಿ ನನ್ನ ಜೋಡಿ ಎಂದರೆ ಪರ್ತ್‌ನದೇ ಬಡಾವಣೆ ಜೂಂಡಲಪ್‌ನಲ್ಲಿರುವ ಗೆಳತಿ, ಅಲ್ಲಿನ ಆಸ್ಪತ್ರೆಯಲ್ಲಿ ನರ್ಸು. ಅವಳದೂ ಮೈಸೂರೇ, ಉದಯಗಿರಿ. ನಮ್ಮ ಮನೆಯ ಯುಗಾದಿ ಹೋಳಿಗೆ ಅವಳಿಗೆ, ಅವರ ಮನೆಯ ರಂಜಾನ್ ಖೀರು ನನಗೆ, ಇದು ನಾವು ಈ ದೇಶಕ್ಕೆ ಬಂದಾಗಿನಿಂದ ನಡೆದುಕೊಂಡು ಬಂದದ್ದು. ಅವಳ ಮಗನಿಗೂ ಅದೇ ವಾರ ಎರಡು ಸೀಟು ಬಂದಿತ್ತು, ಒಂದು ಜೂಂಡಲಪ್‌ನಲ್ಲೇ, ಇನ್ನೊಂದು ದೇಶದ ಆ ತುದಿಯ ಬ್ರಿಸ್ಬೇನ್‌ನಲ್ಲಿ. ತಮಾಷೆ ನೋಡಿ, ಅವಳಿಗೆ ಮಗ ಬ್ರಿಸ್ಬೇನ್‌ಗೆ ಹೋಗಲಿ ಎಂದು ಆಸೆ. ಅಲ್ಲಿ ಊರಾಚೆಯ ಸ್ಪ್ರಿಂಗ್‌ಫೀಲ್ಡ್ ಲೇಕ್ಸ್‌ನಲ್ಲಿ ಅವಳ ತಂಗಿಯ, ಅಂದರೆ ಮಗನ ಖಾಲಾ, ಮನೆ ಇದೆ; ಆ ತಂಗಿ ಬಹಳ ಬಿಗಿ, ಇವನನ್ನು ಬೆಳಿಗ್ಗೆ ಎಬ್ಬಿಸುವ ಶಕ್ತಿ ಭೂಮಿಯ ಮೇಲೆ ಅವಳೊಬ್ಬಳಿಗೇ ಇರುವುದು.

"ನೀನು ನನ್ನ ಮಗನಿಗೆ ಹೋಗು ಅಂತ ಹೇಳು. ನಾನು ನಿನ್ನ ಮಗಳಿಗೆ ಇರು ಅಂತ ಹೇಳ್ತೀನಿ," ಎಂದಳು ಗೆಳತಿ.

"ವೈನ್ ವಿಷಯ ಹಿಡಕೊಂಡು ಸರಿಯಾಗಿ ಹೇಳು. ಮರ್ಯಾದೆ ಅನ್ನೋ ಪದಾನೂ ಸೇರಿಸು," ಎಂದೆ ನಾನು.

ನನ್ನ ಪಾಲಿನ ಕೆಲಸ ಹೇಗಾಯಿತೆಂದು ಕೇಳಬೇಡಿ. ಹುಡುಗನನ್ನು ನಮ್ಮ ಮಾಲ್‌ನ ಫುಡ್ ಕೋರ್ಟ್‌ಗೆ ಕರೆದೆ. ಕೂತ ತಕ್ಷಣ "ಅಮ್ಮ ಕಳಿಸಿದ್ರಾ, ಆಂಟಿ?" ಎಂದ. ಇಲ್ಲಪ್ಪ ಎಂದೆ. ಅವನು ನಕ್ಕ.

"ಖಾಲಾ ಮನೆಯಿಂದ ಕಾಲೇಜಿಗೆ ಟ್ರೇನಲ್ಲೇ ಅರ್ಧ ಆಯಸ್ಸು ಹೋಗುತ್ತೆ ಆಂಟಿ. ಮತ್ತೆ ಅವರ ಮನೇಲಿ ಫ್ರಿಜ್ ತೆಗೆದ್ರೆ ಯಾಕೆ ತೆಗೆದೆ ಅಂತ ಕೇಳ್ತಾರೆ. ಇಲ್ಲಿ ನನಗೆ ಸರ್ವೋದಲ್ಲಿ ಕೆಲಸ ಇದೆ, ನಮ್ಮ ಕ್ರಿಕೆಟ್ ಟೀಮ್ ಇದೆ. ನೀವೇ ಹೇಳಿ."

ಪೆಟ್ರೋಲ್ ಬಂಕಿನ ಕೆಲಸಕ್ಕಾಗಿ ಯಾರಾದರೂ ಬ್ರಿಸ್ಬೇನ್ ಬಿಡುತ್ತಾರಾ ಎಂದು ಗದರಬೇಕಿತ್ತು. ಆದರೆ ಆ ಹುಡುಗ ನಗುತ್ತಾ ಮಾತಾಡಿದರೆ ಎದುರಿನವರು ತಲೆಯಾಡಿಸಲೇಬೇಕು. ಬುದ್ಧಿ ಹೇಳಲು ಹೋದವಳು ದೊಡ್ಡ ಚಿಪ್ಸು, ಮಿಲ್ಕ್‌ಶೇಕು ಕೊಡಿಸಿ ಬಂದೆ. ಗೆಳತಿಗೆ ಫೋನ್ ಮಾಡಿ "ಯೋಚನೆ ಮಾಡ್ತಾನಂತೆ" ಎಂದು ತೇಲಿಸಿದೆ.

ಅವಳು ಹಾಗಲ್ಲ, ಹಿಡಿದ ಕೆಲಸ ಬಿಡುವವಳಲ್ಲ. ಭಾನುವಾರ ಬಿರಿಯಾನಿಗೆ ಎಂದು ನನ್ನ ಮಗಳನ್ನು ಕರೆಸಿಕೊಂಡಳು. ಮಗಳು ಸಂಜೆ ಮನೆಗೆ ಬಂದು, ಚಪ್ಪಲಿ ಬಿಟ್ಟು, ನೀರು ಕುಡಿದು, "ಅಮ್ಮಾ, ನಾನು ಫಾರ್ಮಸಿಗೇ ಹೋಗ್ತೀನಿ. ಇಲ್ಲೇ ಇರ್ತೀನಿ," ಎಂದಳು.

ನನಗೆ ಎಷ್ಟು ಸಂತೋಷವಾಯಿತು ಎಂಬುದನ್ನು ಮುಚ್ಚಿಡುವುದಿಲ್ಲ. ರವೆ ಹುರಿದು ಕೇಸರಿಬಾತು ಮಾಡಿದೆ. ಗೋಡಂಬಿ ಲೆಕ್ಕ ನೋಡದೆ ಹಾಕಿದೆ. ಮಗಳು ಒಂದು ಸೌಟು ಹಾಕಿಸಿಕೊಂಡು, ತಿಂದು, ತಟ್ಟೆ ತಾನೇ ತೊಳೆದಿಟ್ಟಳು.

ಮಾರನೆಯ ದಿನವೂ ತೊಳೆದಳು. ಹೇಳದೇ ಬಟ್ಟೆ ಒಣಹಾಕಿದಳು, ಒಣಗಿದ್ದನ್ನು ಮಡಿಸಿ ನನ್ನ ಬೀರುವಿನಲ್ಲಿಟ್ಟಳು. ಸಂಜೆ ಟೀವಿಯಲ್ಲಿ ನನ್ನ ಧಾರಾವಾಹಿ ಬಂದಾಗ ಮೊದಲೆಲ್ಲ ಅಣಕಿಸುತ್ತಿದ್ದವಳು ಈಗ ಪಕ್ಕ ಕೂತು "ಇವಳು ಯಾರು, ಅತ್ತೇನಾ?" ಎಂದು ಕೇಳಿದಳು. ನನಗೆ ಒಂದು ಥರಾ ಭಯವಾಯಿತು. ಹದಿಹರೆಯದ ಮಗಳು ಎದುರುತ್ತರ ಕೊಟ್ಟರೆ ಮನೆ ನೆಟ್ಟಗಿದೆ ಎಂದರ್ಥ, ಇದು ಯಾವ ರೋಗ?

ಹಿತ್ತಿಲಲ್ಲಿ ಐಸ್‌ಕ್ರೀಮ್ ಡಬ್ಬಗಳಲ್ಲಿ ಅವಳು ಬೇರು ಬರಿಸಿದ ದ್ರಾಕ್ಷಿ ಕಡ್ಡಿಗಳಿದ್ದವು, ಆ ತೋಟದ ಮುದುಕ ಕೊಟ್ಟವು. ಆ ವಾರ ಪರ್ತ್ ಬಾಣಲೆಯಂತೆ ಕಾದಿತ್ತು. ಒಂದು ಅರ್ವೋ, ಅಂದರೆ ಇಲ್ಲಿನವರ ಮಧ್ಯಾಹ್ನ, ಬೇಗ ಮನೆಗೆ ಬಂದು ನೋಡಿದರೆ ಡಬ್ಬದ ಮಣ್ಣು ಒಣಗಿ ಬಿರುಕು ಬಿಟ್ಟಿದೆ, ಎಲೆಗಳು ಸುರುಟಿವೆ. ಅವಳು ಒಳಗೆ ಹಾಸಿಗೆಯ ಮೇಲೆ ಸುಮ್ಮನೆ ಮಲಗಿದ್ದಾಳೆ. ನೀರು ಯಾಕೆ ಹಾಕಲಿಲ್ಲ ಎಂದೆ. "ಇನ್ನು ಯಾಕೆ ಬಿಡು," ಎಂದು ಗೋಡೆಯ ಕಡೆ ತಿರುಗಿದಳು. ಬಕೆಟ್ ಹಿಡಿದು ಅವಕ್ಕೆ ನೀರು ಹಾಕಿದವಳು ನಾನು. ಹಾಕುತ್ತಾ ಹಾಕುತ್ತಾ ಭಾನುವಾರದ ಬಿರಿಯಾನಿ ನೆನಪಾಯಿತು.

ಅಲ್ಲಿಂದಲೇ ಗೆಳತಿಗೆ ಫೋನು ಮಾಡಿದೆ. "ನನ್ನ ಮಗಳಿಗೆ ಏನೇ ಹೇಳಿದೆ ನೀನು?"

"ವೈನ್ ಮಾತು ಎತ್ತಲಿಲ್ಲ ಕಣೆ," ಎಂದಳು. "ನಾನು ಬೇಡ ಅಂದ್ರೆ ಅದು ನನ್ನ ಧರ್ಮದ ಮಾತಾಗುತ್ತೆ, ಅವಳ ಓದಿನ ಮಾತಾಗಲ್ಲ. ಅದಕ್ಕೆ ನಿಜ ಹೇಳಿದೆ."

"ಯಾವ ನಿಜ?"

"ಅವಳು ಸ್ಕೂಲ್ ಕ್ಯಾಂಪಿಗೆ ಹೋದಾಗ ನೀನು ನಮ್ಮನೇಲಿ ಬಂದು ಮಲಗ್ತಿದ್ದೆಯಲ್ಲ. ಅವಳ ಖಾಲಿ ರೂಮು ನೋಡಕ್ಕಾಗಲ್ಲ ಅಂದಿದ್ದೆಯಲ್ಲ. ನಿಮ್ಮಮ್ಮ ನೀನಿಲ್ದೆ ಇರಲ್ಲ ಮಗಳೇ ಅಂದೆ. ಅಷ್ಟೇ. ಪಾಪ, ಆಮೇಲೆ ಬಿರಿಯಾನಿ ಸರಿಯಾಗಿ ತಿನ್ನಲಿಲ್ಲ."

"ನಿನಗೆ ಯಾರೇ ಹೇಳಿದ್ದು ಅದನ್ನೆಲ್ಲ ಹೇಳು ಅಂತ?" ಎಂದು ರೇಗಿದೆ. ಅವಳು ಬೇಸರಪಟ್ಟುಕೊಳ್ಳಲಿಲ್ಲ. "ಇರು ಅಂತ ಹೇಳು ಅಂದೆ, ಹೇಳಿದೆ. ಈಗ ಹೋಗು ಅನ್ನೋದಾದ್ರೆ ನೀನೇ ಹೇಳ್ಕೋ. ಅದಕ್ಕೆ ನಾನು ಬರಲ್ಲ," ಎಂದು ಡ್ಯೂಟಿಗೆ ಹೋದಳು.

ಹೆತ್ತವರ ಋಣ ತೀರಿಸುವ ಮಕ್ಕಳನ್ನು ನಮ್ಮ ಕಡೆ ಎಷ್ಟು ಹೊಗಳುತ್ತೇವೆ. ನನ್ನ ಮನೆಯಲ್ಲೇ ಒಬ್ಬಳು ತಟ್ಟೆ ತೊಳೆದು ತೊಳೆದು ಋಣ ತೀರಿಸುತ್ತಿದ್ದಳು, ನನಗೆ ನೋಡಲಾಗಲಿಲ್ಲ. ಫಾರ್ಮಸಿ ಅವಳಿಗೆ ಇಷ್ಟವಾಗಿದ್ದರೆ ಬೇರೆ ಮಾತು. ಅವಳು ಆರಿಸಿದ್ದು ಫಾರ್ಮಸಿಯನ್ನಲ್ಲ, ನನ್ನನ್ನು. ನನಗೆ ಕೊಟ್ಟ ಆ ಉಡುಗೊರೆಯನ್ನು ಹಿಂದಕ್ಕೆ ಕೊಡಬೇಕಾಗಿತ್ತು. ಅಡಿಲೇಡ್‌ಗೆ ಉತ್ತರ ಕೊಡಲು ಶುಕ್ರವಾರದವರೆಗೆ ಟೈಮಿತ್ತು.

ಗುರುವಾರ ರಜೆ ಹಾಕಿದೆ. ಮಗಳನ್ನು ಅಡುಗೆಮನೆಯ ಟೇಬಲ್ಲಿಗೆ ಕರೆದು ಕೂರಿಸಿ, ನನ್ನ ಕೈಲಾದ ಮಟ್ಟಿಗೆ ವೈನ್ ಪರವಾಗಿ ವಾದ ಮಾಡಿದೆ. ಎಂಥ ದೊಡ್ಡ ವಿಜ್ಞಾನ ಅದು. ಹುಳಿ ಬರಿಸುವುದು ನಮಗೇನು ಹೊಸದಾ, ನಾವು ದೋಸೆ ಹಿಟ್ಟಿಗೆ ಮಾಡುವುದೂ ಅದೇ ತಾನೇ.

ಅವಳು ಕೆನ್ನೆಗೆ ಕೈ ಕೊಟ್ಟು ಕೇಳಿಸಿಕೊಂಡಳು. "ಹೆಂಡ ಅಂದವಳು ನೀನೇ ಅಲ್ವಾ?"

"ಅಂದೆ. ಆಗ ತಲೆ ಕೆಟ್ಟಿತ್ತು."

"ಅಜ್ಜಿಗೆ ಏನು ಹೇಳ್ತೀಯ?"

"ದ್ರಾಕ್ಷಿ ಬೆಳೆಯೋದು ಓದ್ತಾಳೆ ಅಂತೀನಿ. ವ್ಯವಸಾಯ. ಅದರಲ್ಲಿ ಸುಳ್ಳೇನಿದೆ?"

ಸ್ವಲ್ಪ ನಕ್ಕಳು. ಟೇಬಲ್ಲಿನ ಮೇಲೆ ಬಿದ್ದಿದ್ದ ಒಂದು ಸಾಸಿವೆ ಕಾಳನ್ನು ಬೆರಳಿನಿಂದ ಅತ್ತ ಇತ್ತ ಉರುಳಿಸಿದಳು. ತಲೆ ಎತ್ತದೇ ಕೇಳಿದಳು. "ಆಂಟಿ ಹೇಳಿದ್ದು ನಿಜಾನಾ? ನಾನಿಲ್ದೆ ನೀನು ಇರ್ತೀಯಾ?"

ಇದಕ್ಕೆ ಉತ್ತರ ಸಿದ್ಧ ಮಾಡಿಕೊಂಡೇ ಕೂತಿದ್ದೆ. ನನಗೇನಾಗುತ್ತೆ, ಆರಾಮಾಗಿರ್ತೀನಿ, ಯೋಗ ಕ್ಲಾಸಿಗೆ ಸೇರ್ತೀನಿ ಎಂದೆಲ್ಲ ಹೇಳುವುದಿತ್ತು. ಅವಳ ಮುಖ ನೋಡಿ ಅದೆಲ್ಲ ಬಿಟ್ಟೆ. ನಾನೇ ಹೇಳದೆ ಮುಚ್ಚಿಟ್ಟು, ಬೇರೆಯವರ ಬಾಯಲ್ಲಿ ಕೇಳಿದ್ದಕ್ಕೇ ತಾನೇ ಇವಳು ಕಟ್ಟುಬಿದ್ದದ್ದು ಎನಿಸಿತು.

"ಇಲ್ಲ ಮಗಳೇ," ಎಂದೆ. "ಚೆನ್ನಾಗಿರಲ್ಲ. ಅಳ್ತೀನಿ. ದಿನಾ ಫೋನ್ ಮಾಡಿ ಪ್ರಾಣ ತಿಂತೀನಿ. ಅದು ನನ್ನ ಪಾಡು, ನಾನು ಪಡ್ತೀನಿ. ನೀನು ಹೋಗು."

ಅವಳು ಪಕ್ಕದ ಕುರ್ಚಿಯ ಮೇಲಿದ್ದ ಲ್ಯಾಪ್‌ಟಾಪು ತೆಗೆದಳು, ಅಡಿಲೇಡ್‌ನ ಪುಟ ಬಂತು. ಒಪ್ಪಿಗೆ ಎಂದಿದ್ದ ಕಡೆ ಬೆರಳು ಇಟ್ಟು, ನನ್ನ ಕಡೆ ನೋಡಿದಳು. ಒತ್ತೇ, ಎಂದೆ.

ಒತ್ತಿದಳು. ಅಳ್ತೀನಿ ಎಂದು ಅವಳಿಗೆ ಕೊಟ್ಟ ಮಾತನ್ನು ನಾನು ಶುಕ್ರವಾರದವರೆಗೂ ಕಾಯಿಸಲಿಲ್ಲ, ಅಲ್ಲೇ ಅತ್ತುಬಿಟ್ಟೆ.