ಕಿಟಕಿಯಿಂದ ನೋಡುವ ವಕೀಲರು

ಪಂಚಾಕ್ಷರಯ್ಯನವರು ಚನ್ನರಾಯಪಟ್ಟಣದ ಕೋರ್ಟಿನಲ್ಲಿ ಸರ್ಕಾರದ ಪರ ವಾದಿಸುವ ವಕೀಲರು. ನಾನು, ನಂಜಯ್ಯ, ಅವರ ಗುಮಾಸ್ತ. ಆರು ವರ್ಷ ಅವರ ಫೈಲು ಹೊತ್ತವನಾದ್ದರಿಂದ ಹೇಳುತ್ತೇನೆ: ಅವರಷ್ಟು ಶುದ್ಧ ಕೈಯ ಮನುಷ್ಯನನ್ನೂ ನೋಡಲಿಲ್ಲ, ಅವರಷ್ಟು ಅನುಮಾನದ ಪ್ರಾಣಿಯನ್ನೂ ನೋಡಲಿಲ್ಲ. ಹಾಲಿನವಳು ಹಾಲು ಅಳೆಯುವಾಗ ಅವಳ ಹೆಬ್ಬೆರಳು ಪಾವಿನೊಳಗಿದೆಯೋ ಹೊರಗಿದೆಯೋ ಎಂದು ಬಗ್ಗಿ ನೋಡುವರು.

ಗಂಡ ಹೆಂಡತಿಯನ್ನು ಹೊಡೆದ ಕೇಸು ಬಂದರಂತೂ ಮುಗಿಯಿತು. ಹಿಂದೆ ಹಾಸನದಲ್ಲಿದ್ದಾಗ ಅಂಥದೊಂದು ಕೇಸಿಗೆ ಅವರು ಮೂರು ದಿನ ಗಂಟಲು ಹರಿದುಕೊಂಡಿದ್ದರಂತೆ. ಕೊನೆಗೆ ಏಟು ತಿಂದವಳೇ ಕಟಕಟೆ ಹತ್ತಿ, "ಬಚ್ಚಲಲ್ಲಿ ಜಾರಿ ಬಿದ್ದೆ, ಸಾ" ಅಂದುಬಿಟ್ಟಳು. ಮ್ಯಾಜಿಸ್ಟ್ರೇಟರು ತುಂಬಿದ ಕೋರ್ಟಿನಲ್ಲಿ ಇವರನ್ನು ಗದರಿದರು. ಅಂದಿನಿಂದ ಇವರು ಹೆಂಗಸರ ಬಾಯಿಮಾತು ನಂಬುವುದನ್ನೇ ಬಿಟ್ಟರು.

ಅದರ ಬದಲು ಒಂದು ಉಪಾಯ ಹಿಡಿದರು. ಮಧ್ಯಾಹ್ನದ ಬಿಡುವಿನಲ್ಲಿ ಕಿಟಕಿಯ ಪಕ್ಕ ಕುರ್ಚಿ ಎಳೆದುಕೊಂಡು, ಅಂಗಳದ ಹೊಂಗೆ ಮರದಡಿ ಯಾರು ಯಾರಿಗೆ ಬುತ್ತಿ ಬಿಚ್ಚುತ್ತಾರೆಂದು ನೋಡುತ್ತಿದ್ದರು.

"ಗಂಡನಿಗೆ ಊಟ ಕೊಟ್ಟೋಳು ಅವನ ಮೇಲೆ ಸಾಕ್ಷಿ ಹೇಳೋದಿಲ್ಲ ಕಣಯ್ಯ," ಎನ್ನುವರು. ಹಾಗೆ ಕಂಡರೆ ಸಾಕು, ಕೇಸು ವಾಪಸು ಪಡೆಯಲು ಅರ್ಜಿ. ಫೈಲು ಒಂದು ಕಡಿಮೆಯಾಯಿತಲ್ಲ ಎಂದು ಮ್ಯಾಜಿಸ್ಟ್ರೇಟರೂ ರುಜು ಹಾಕುವರು.

ಐವತ್ತೆಂಟನೇ ಇಸವಿಯಲ್ಲಿ ಮಲ್ಲಿಗಮ್ಮನ ಕೇಸು ಬಂತು. ಬಾಗೂರಿನ ಕಡೆಯ ತಮ್ಮಯ್ಯ ಅವಳ ಗಂಡ. ಬಾರುಕೋಲಿನಲ್ಲಿ ಹೊಡೆದು ಮನೆಯಿಂದ ಆಚೆ ಹಾಕಿದ್ದ. ಅವಳು ಅರಕಲಗೂಡಿನ ಹತ್ತಿರದ ತವರಿಗೆ ಹೋಗಿದ್ದಳು. ನಾಲ್ಕು ವರ್ಷದ ಮಗನನ್ನು ಮಾತ್ರ ಗಂಡ ಬಿಟ್ಟುಕೊಟ್ಟಿರಲಿಲ್ಲ.

ವಿಚಾರಣೆಯ ದಿನ ಅವಳು ನಸುಕಿಗೇ ಎದ್ದು, ಹೊಳೆನರಸೀಪುರದಲ್ಲಿ ಬಸ್ಸು ಬದಲಾಯಿಸಿ, ಮಗನಿಗೆಂದು ರಾಗಿ ರೊಟ್ಟಿ ಕಟ್ಟಿಕೊಂಡು ಬಂದಳು. ತಮ್ಮಯ್ಯ ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡು ನಮ್ಮ ಕಿಟಕಿಗೆ ನೇರವಾಗಿ ಕೂತಿದ್ದ. ಅಷ್ಟು ದೊಡ್ಡ ಅಂಗಳದಲ್ಲಿ ಅವನಿಗೆ ಅದೇ ಜಾಗ ಬೇಕಿತ್ತೆ? ಕಿಟಕಿಯ ಗುಟ್ಟನ್ನು ಅವನಿಗೆ ಯಾರೋ ಊದಿದ್ದರು ಎಂದು ನನಗೆ ಇಂದಿಗೂ ಅನುಮಾನ. ಅವಳು ಮಗನಿಗೆ ರೊಟ್ಟಿ ಮುರಿದು ಕೊಟ್ಟಳು. ತಮ್ಮಯ್ಯನೂ ಕೈ ಒಡ್ಡಿದ. ಅವಳು ರೊಟ್ಟಿಯ ಗಂಟನ್ನು ತನ್ನ ಕಡೆಗೆ ಎಳೆದುಕೊಂಡಳು. ಅವನು ಮಗನನ್ನು ಎತ್ತಿಕೊಂಡು ಏಳಲು ಹೊರಟ. ಆಗ ಅವನಿಗೂ ಕೊಟ್ಟಳು.

"ನೋಡಿದೆಯಾ?" ಎಂದರು ಪಂಚಾಕ್ಷರಯ್ಯನವರು. ನಾನೂ ಹೂಂಗುಟ್ಟಿದೆ. ಅದು ನನ್ನ ಪಾಪ.

ಇವರ ಅರ್ಜಿ ಓದಿ ಮ್ಯಾಜಿಸ್ಟ್ರೇಟರು ಅವಳನ್ನು ಕೇಳಿದ್ದು ಒಂದೇ ಪ್ರಶ್ನೆ. "ಇವತ್ತು ಗಂಡನಿಗೆ ಊಟ ಕೊಟ್ಟೆಯಾ?"

"ಕೊಟ್ಟೆ, ಸಾಮಿ, ಆದ್ರೆ ಮಗ..."

"ಸಾಕು." ಅರ್ಜಿಗೆ ರುಜು ಬಿತ್ತು. ಅವಳು ಮಗನ ಆಸೆಗೆ ಗಂಡನ ಹಿಂದೆ ಹೋದಳು.

ಎಂಟು ತಿಂಗಳಿಗೆ ಮತ್ತೆ ಬಂದಳು. ಈ ಸಲ ಬಲಗೈ ಮುರಿದಿತ್ತು, ಕೈಗೆ ಕಟ್ಟು ಹಾಕಿದ್ದರು. ಮತ್ತೆ ತವರು ಸೇರಿದ್ದಳು, ಮಗ ಮತ್ತೆ ಅವನ ಹತ್ತಿರವೇ. ತಮ್ಮಯ್ಯ ಅದೇ ಜಾಗದಲ್ಲಿ ಕೂತಿದ್ದ. ಮಗ ಅವ್ವನ ಗಂಟು ನೋಡಿ ಕೈ ಚಾಚಿ ಅಳುತ್ತಿದ್ದ. ಅವಳು ದೂರದಲ್ಲಿ ಬೆನ್ನು ತಿರುಗಿಸಿ ಕೂತಿದ್ದಳು. ಗಂಟು ಬಿಚ್ಚಿರಲಿಲ್ಲ.

"ಮಗು ಹಸಿದು ಅಳ್ತಿದ್ರೂ ಮನಸ್ಸು ಕರಗಲಿಲ್ಲ ನೋಡು," ಎಂದರು ಪಂಚಾಕ್ಷರಯ್ಯನವರು. "ಇಂಥೋಳ ಮಾತನ್ನ ಹೆಂಗಯ್ಯಾ ನಂಬೋದು?"

ನನಗೆ ಮೈಯೆಲ್ಲ ಉರಿದುಹೋಯಿತು. ಫೈಲನ್ನು ಮೇಜಿಗೆ ಕುಕ್ಕಿ ಹೊರಗೆ ಹೋದೆ. "ಯಾಕವ್ವಾ, ಮಗೀಗೆ ಕೊಡಬಾರದಾ?" ಎಂದು ಕೇಳಿದೆ.

ಅವಳು ತಿರುಗಿ ಕಿಟಕಿಯ ಕಡೆ ನೋಡಿದಳು. "ಓದ್ಸಲ ಕೊಟ್ಟಿದ್ಕೇ ಕೇಸು ಓಯ್ತು ಅಂತ ಇವ್ನೇ ಏಳ್ಕಂಡು ನಗ್ತಾನೆ. ಮಗೀಗೆ ಕೊಟ್ರೆ ಇವ್ನೂ ಕೈ ಒಡ್ತಾನೆ. ನಂಗೆ ಇರಾದು ಇನ್ನೊಂದೇ ಕೈ, ಸಾ."

ಪಂಚಾಕ್ಷರಯ್ಯನವರು ನನ್ನ ಹಿಂದೆಯೇ ಬಂದು ನಿಂತಿದ್ದರು. ಅವರ ಮುಖ ಇಳಿದುಹೋಯಿತು. ಮರದ ಹತ್ತಿರ ಹೋಗಿ, ತಮ್ಮಯ್ಯನ ತೊಡೆಯಿಂದ ಮಗುವನ್ನು ಎತ್ತಿಕೊಂಡರು. ಅವನು ಎದ್ದು ನಿಂತ. ಇವರು ದುರುಗುಟ್ಟಿ ನೋಡಿದ ಮೇಲೆ ಕೂತ. ಮಗುವನ್ನು ತಂದು ಅವಳ ಮಡಿಲಿಗೆ ಹಾಕಿದರು.

"ಉಣ್ಣಿಸಮ್ಮ," ಎಂದರು. "ಇದರಿಂದ ಕೇಸಿಗೆ ಏನೂ ಆಗೋದಿಲ್ಲ. ನನ್ನ ಮಾತು ನಂಬು."

ಮಲ್ಲಿಗಮ್ಮ ಮಗನನ್ನು ಎಡಗೈಯಲ್ಲಿ ಅವುಚಿಕೊಂಡಳು. ಅವನು ಗಂಟಿಗೆ ಕೈ ಹಾಕಿದ. ಅವಳು ಅದನ್ನು ಕಾಲಿನಿಂದ ಆಚೆ ತಳ್ಳಿ, ವಕೀಲರನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಕೇಸು ಮುಗೀಲಿ, ಸಾ," ಎಂದಳು. "ಆಮ್ಯಾಕೆ ಉಣ್ಣುಸ್ತೀನಿ."