ಬೇರೆ ಒಲೆ

ವಲಾಂಡಿ ಎಂಬ ಹಳ್ಳಿಯ ಮುದುಕಿಯೊಬ್ಬರು ಸರ್ಕಾರದ ವೃದ್ಧಾಪ್ಯ ವೇತನ ಕೇಳಿದ್ದರು. ಮಗನ ಮನೆಯಲ್ಲೇ ಇದ್ದರೂ ತಮ್ಮ ಒಲೆ ಬೇರೆ ಎಂದು ಅವರ ವಾದ. ಮಗ ಸಾಕುತ್ತಿದ್ದರೆ ವೇತನ ಸಿಗುವುದಿಲ್ಲ. ಅದನ್ನು ತಪಾಸಣೆ ಮಾಡುವುದೇ ನನ್ನ ಕೆಲಸ. ಒಲೆ ಮುಟ್ಟಿ ನೋಡಿದೆ. ತಣ್ಣಗಿತ್ತು.

“ಇವತ್ತ ಸೋಮವಾರ ರೀ ಸಾಹೇಬ, ನಂದು ಉಪಾಸ,” ಎಂದರು.

ಇಂಥ ಉಪವಾಸಗಳನ್ನು ನಾನು ಬಹಳ ನೋಡಿದ್ದೇನೆ. ಮರುದಿನ ಹೇಳದೆ ಕೇಳದೆ ಹೋದೆ. ಒಲೆ ಉರಿಯುತ್ತಿತ್ತು, ಮುದುಕಿ ರೊಟ್ಟಿ ಬಡಿಯುತ್ತಿದ್ದರು. ಪಕ್ಕದಲ್ಲಿ ಉಣ್ಣುತ್ತಿದ್ದ ಮಗ ನನ್ನನ್ನು ಕಂಡದ್ದೇ ತಾಟನ್ನು ಬೆನ್ನ ಹಿಂದೆ ಸರಿಸಿದ. ಸಿಕ್ಕಿಬಿದ್ದರು ಅಂದುಕೊಂಡೆ.

“ಜೋಳ ಯಾರದು?”

“ನಂದೇ ರೀ. ಕಳೆ ತೆಗದ ಕೂಲಿಗೆ ಕೊಟ್ಟ ಜ್ವಾಳ. ಹೆಂಡ್ತಿ ಮಾಡಿದ ರೊಟ್ಟಿ ಇಂವಗ ಸೇರಂಗಿಲ್ಲ, ದಿನಾ ಇಲ್ಲೇ ಬಂದ ಕೂಡ್ತಾನ. ಯಾಕ ಮುಚ್ಚತೀಯೋ? ತಿನ್ನು!”

“ಅತ್ತೀನೇ ಜನ್ಮಪೂರ್ತಿ ಉಣಸ್ಲಿ, ನನಗೇನ ತ್ರಾಸ ಇಲ್ಲ!” ಒಳಗಿನಿಂದ ಸೊಸೆ ಕೂಗಿದಳು.

ಆ ಸಿಟ್ಟು ಹೇಳಿಕೊಟ್ಟದ್ದಲ್ಲ. ತಾಯಿಯನ್ನು ಸಾಕುವ ಮಗನ ಬಗ್ಗೆ ನಿಯಮವಿದೆ, ತಾಯಿಯೇ ಉಣಿಸುವ ಮಗನ ಬಗ್ಗೆ ಇಲ್ಲ. ಅರ್ಹರು ಎಂದು ಬರೆದೆ.

ಹೊರಡುವಾಗ ಮುದುಕಿ ಬಿಸಿ ರೊಟ್ಟಿ ನೀಡಬಂದರು. ತಪಾಸಣೆಗೆ ಹೋದ ಮನೆಯಲ್ಲಿ ನಾನು ಏನೂ ತಿನ್ನುವುದಿಲ್ಲ. ಹಾಗಾಗಿ ಆ ರೊಟ್ಟಿಯ ರುಚಿಯೊಂದನ್ನು ಮಾತ್ರ ಅವರ ಮಾತಿನ ಮೇಲೇ ನಂಬಬೇಕಾಯಿತು.