ಅತ್ತೆ ನೋಡಿದ ನನ್ನ ಸಿನಿಮಾ

೨೦೦೧ನೇ ಇಸವಿ. ಆಗ ನಮ್ಮ ಮನೆ ಮೈಸೂರಿನ ಅಗ್ರಹಾರದ ಒಂದು ಇಕ್ಕಟ್ಟು ಬೀದಿಯಲ್ಲಿತ್ತು. ಮನೆಯಲ್ಲಿ ಇದ್ದದ್ದು ಮೂರೇ ಜನ: ನಾನು, ನಮ್ಮ ಯಜಮಾನರು, ಅತ್ತೆ. ಜೊತೆಗೆ ಎರಡು ವರ್ಷದಿಂದ ನನ್ನ ಮೈಯಲ್ಲಿ ಹೇಳದೆ ಕೇಳದೆ ಬೀಡುಬಿಟ್ಟಿದ್ದ ಸಂಧಿವಾತ. ನನಗಾಗ ಮೂವತ್ತೊಂದು ವರ್ಷ. ಯಾದವಗಿರಿಯ ಡಾಕ್ಟರು ಮಾತ್ರೆ ಬರೆದುಕೊಟ್ಟು, "ಇದು ಬಂದು ಹೋಗೋ ಕಾಯಿಲೆ ಅಲ್ಲಮ್ಮ, ಜೊತೇಲೇ ಇರೋ ಕಾಯಿಲೆ. ಹೊಂದ್ಕೊಂಡು ಹೋಗ್ಬೇಕು" ಎಂದಿದ್ದರು. ಮದುವೆಯಾದಾಗ ಅತ್ತೆಯ ಬಗ್ಗೆ ನಮ್ಮಮ್ಮನೂ ಹೆಚ್ಚುಕಡಿಮೆ ಇದೇ ಮಾತು ಹೇಳಿ ಕಳಿಸಿದ್ದರು.

ಈ ಕಾಯಿಲೆಯ ಗುಣವೇ ವಿಚಿತ್ರ. ಬೆಳಗ್ಗೆ ಎಚ್ಚರವಾದಾಗ ಕೈಕಾಲು ಮರಗಟ್ಟಿರುತ್ತಿತ್ತು. ಬೆರಳು ಮಡಿಸಿದರೆ ಬಿಚ್ಚಲು ಬಾರದು, ಬಿಚ್ಚಿದರೆ ಮಡಿಸಲು ಬಾರದು. ಹಾಸಿಗೆಯಿಂದ ಏಳಲು ಮುಕ್ಕಾಲು ಗಂಟೆ ಬೇಕಿತ್ತು. ಆದರೆ ಬಿಸಿಲೇರುತ್ತ ಏರುತ್ತ ಎಲ್ಲ ಸಡಿಲವಾಗಿ, ಹನ್ನೊಂದು ಗಂಟೆಗೆ ನಾನು ಚೀಲ ಹಿಡಿದು ತರಕಾರಿಗೆ ಹೊರಟುಬಿಡುತ್ತಿದ್ದೆ. ಅದನ್ನು ನೋಡಿ ಅತ್ತೆ ಎದುರುಮನೆಯವರಿಗೆ, "ನಮ್ ಗಿರಿಜಂಗೆ ಗಡಿಯಾರ ನೋಡ್ಕೊಂಡು ಬರೋ ಕಾಯಿಲೆ ಕಣ್ರೀ. ಕೆಲ್ಸದ್ ಹೊತ್ತಿಗೆ ಬಂದು ಪೇಟೆಗ್ ಹೋಗೋ ಹೊತ್ತಿಗೆ ಹೋಗ್ಬುಡುತ್ತೆ" ಎನ್ನುತ್ತಿದ್ದರು.

ಅವರನ್ನೂ ಪೂರ್ತಿ ದೂರುವಂತಿರಲಿಲ್ಲ. ಅವರು ನನ್ನ ಬೆಳಗನ್ನು ಕಣ್ಣಾರೆ ಕಂಡೇ ಇರಲಿಲ್ಲ. ಐದಕ್ಕೇ ಸ್ನಾನ ಮಾಡಿ ಮಡಿಯಲ್ಲಿರುತ್ತಿದ್ದರು, ಲಿಂಗಪೂಜೆ ಮುಗಿಯುವವರೆಗೆ ನಮ್ಮ ಕೋಣೆಗೆ ಕಾಲಿಡುತ್ತಿರಲಿಲ್ಲ. ಆರು ಗಂಟೆಯೊಳಗೆ ನಾನು ಮಿಂದು ಹೂವು, ಪತ್ರೆ ಅಣಿ ಮಾಡಿಡಬೇಕು. ತಡವಾದರೆ ಹಜಾರದಿಂದಲೇ ಕೂಗು ಶುರು. ನಮ್ಮವರು ಮೇಟಗಳ್ಳಿಯ ಕಾರ್ಖಾನೆಗೆ ಮೊದಲ ಪಾಳಿಗೆ ಹೊರಟುಹೋಗಿರುತ್ತಿದ್ದರು. ಸಾಕ್ಷಿ ಹೇಳುವವರು ಯಾರೂ ಇಲ್ಲ. ಒಮ್ಮೊಮ್ಮೆ ನನಗೇ ಅನುಮಾನ ಬರುತ್ತಿತ್ತು, ನಿಜವಾಗಿಯೂ ನಾನು ಸೋಮಾರಿಯೇ ಇರಬಹುದೇ ಎಂದು. ನೋವಿಗಿಂತ ಆ ಅನುಮಾನವೇ ನನ್ನನ್ನು ಹೆಚ್ಚು ಅಳಿಸಿದ್ದು.

ಇಂಥ ಅತ್ತೆ ಸಿನಿಮಾ ಮುಂದೆ ಕೂತರೆ ಬೇರೆಯೇ ಮನುಷ್ಯರು. ಭಾನುವಾರ ಟಿ.ವಿ.ಯಲ್ಲಿ ಸಿನಿಮಾ ಬಂದರೆ ಸೆರಗು ಒದ್ದೆಯಾಗುವಷ್ಟು ಅಳುತ್ತಿದ್ದರು. ಪರದೆಯ ಮೇಲಿನವರ ಜೊತೆ ಮಾತಾಡುತ್ತಿದ್ದರು, ಬೈಯುತ್ತಿದ್ದರು. ಒಂದು ಭಾನುವಾರ ಯಾವುದೋ ಸಿನಿಮಾದಲ್ಲಿ ಸೊಸೆಗೆ ಜ್ವರ. "ಅಯ್ಯೋ ಪಾಪ, ಮೈ ಸುಡ್ತಾ ಅದೆ ಆ ಮಗೂಗೆ. ಮುಟ್ಟಿ ನೋಡ್ಬಾರ್ದಾ ಯಾರಾದ್ರೂ" ಎಂದು ಗೊಳೋ ಎಂದು ಅತ್ತವರು, ಅದೇ ಉಸಿರಿನಲ್ಲಿ ನನ್ನ ಕಡೆ ತಿರುಗಿ, "ಆ ನಾಕು ಬೆಳ್ಳುಳ್ಳಿ ಸುಲಿಯೋಕೆ ಎಷ್ಟೊತ್ತೇ?" ಎಂದರು. ನನಗೆ ಸಿಟ್ಟು ಬರಬೇಕಿತ್ತು. ಬದಲಿಗೆ ಒಂದು ಉಪಾಯ ಹೊಳೆಯಿತು. ಪರದೆಯ ಮೇಲೆ ಬಂದದ್ದನ್ನೇ ಇವರು ನಂಬುವುದಾದರೆ, ನಾನೂ ಪರದೆಯ ಮೇಲೆ ಬಂದರಾಯಿತು!

ನಮ್ಮ ಬೀದಿಯ ಮೂಲೆಯಲ್ಲಿ ಪುಟ್ಟಸ್ವಾಮಿ ಎಂಬುವವರ ವಿಡಿಯೊ ಅಂಗಡಿ ಇತ್ತು. ಐವತ್ತು ದಾಟಿದ ಮನುಷ್ಯ, ಮದುವೆ ಬಿಟ್ಟರೆ ಬೇರೇನನ್ನೂ ತೆಗೆದವರಲ್ಲ. ಅವರ ಹೆಂಡತಿ ರತ್ನಮ್ಮ ಲೈಟು ಹಿಡಿಯುತ್ತಿದ್ದರು. ಬೆಳಗ್ಗೆ ನಾನು ಹಾಸಿಗೆಯಿಂದ ಏಳುವುದನ್ನು ತೆಗೆಯಬೇಕು ಎಂದಾಗ ಪುಟ್ಟಸ್ವಾಮಿ ತಲೆ ಕೆರೆದುಕೊಂಡು, "ಮುಹೂರ್ತ ಎಷ್ಟೊತ್ತಿಗಮ್ಮ?" ಎಂದರು. ಐದೂವರೆಗೆ ಎಂದೆ. ಹಾಸನದಲ್ಲಿರುವ ನಾದಿನಿಗೆ ಮನೆಯ ವಿಡಿಯೊ ಕಳಿಸೋಣ ಎಂದು ಅತ್ತೆಗೆ ಹೇಳಿದೆ. ಅವರು ಖುಷಿಯಾಗಿ ರೇಷ್ಮೆ ಸೀರೆ ತೆಗೆದಿಟ್ಟುಕೊಂಡರು.

ಮೊದಲ ದಿನ ಎಲ್ಲ ಕೆಟ್ಟಿತು. ರತ್ನಮ್ಮ ಮದುಮಗಳಿಗೆ ಹಿಡಿಯುವಂತೆ ಹ್ಯಾಲೋಜನ್ ಲೈಟನ್ನು ನನ್ನ ಕೈ ಹತ್ತಿರವೇ ಹಿಡಿದರು. ಅದರ ಬಿಸಿಗೆ ಹತ್ತೇ ನಿಮಿಷದಲ್ಲಿ ಬೆರಳುಗಳೆಲ್ಲ ಹೂವಿನ ಹಾಗೆ ಬಿಚ್ಚಿಕೊಂಡವು. ಎರಡು ವರ್ಷದಲ್ಲಿ ಅಷ್ಟು ಸಲೀಸಾಗಿ ನಾನು ಎದ್ದದ್ದೇ ಇಲ್ಲ. "ನಿಮ್ಗೇನೂ ಆಗೇ ಇಲ್ವಲ್ಲ ಗಿರಿಜಮ್ಮ" ಎಂದರು ಪುಟ್ಟಸ್ವಾಮಿ. ನನಗೆ ನಗು ತಡೆಯಲಾಗಲಿಲ್ಲ. ಮಾರನೆಯ ದಿನ ಲೈಟು ಬೇಡ, ಟ್ಯೂಬ್‌ಲೈಟ್ ಸಾಕು ಎಂದೆ.

ಆ ದಿನ ಸರಿಯಾಗಿ ಬಂತು. ಕ್ಯಾಮೆರಾ ನೋಡುತ್ತ ನಾನೇ ನನ್ನ ಕಥೆ ಹೇಳಿದೆ. "ಇವನು ಹೆಬ್ಬೆರಳು, ವಿಲನ್. ಇವನು ಬಗ್ಗದಿದ್ರೆ ಮಿಕ್ಕ ನಾಲ್ಕೂ ಬಗ್ಗಲ್ಲ. ಮಂಡಿ ವಯಸ್ಸಾದ ಅಪ್ಪನ ಪಾತ್ರ, ಏಳುವಾಗೆಲ್ಲ ಅಯ್ಯೋ ಅನ್ನುತ್ತೆ" ಎಂದೆಲ್ಲ. ಅಲ್ಲಿಯವರೆಗೆ ನನ್ನ ನೋವಿನ ಬಗ್ಗೆ ಅಷ್ಟು ಮಾತನ್ನು ನಾನು ಯಾರ ಹತ್ತಿರವೂ ಆಡಿರಲಿಲ್ಲ. ಹೇಳುತ್ತ ಹೇಳುತ್ತ ಹಗುರವಾಯಿತು. ಕೊನೆಗೆ ಮಾತ್ರೆ ಬಾಟಲಿಯ ಮುಚ್ಚಳ ತಿರುಗಿಸಬೇಕು. ಅಂಗೈಯಲ್ಲಿ ಒತ್ತಿದೆ, ಸೆರಗಿನಲ್ಲಿ ಹಿಡಿದೆ, ಹಲ್ಲಿನಲ್ಲಿ ಕಚ್ಚಿದೆ. ಐದು ನಿಮಿಷವಾದರೂ ಹಿಡಿದಿರಬೇಕು. ಅಲ್ಲಿ ಒಂದು ಚೂರೂ ಕತ್ತರಿಸಬೇಡಿ ಎಂದು ಪುಟ್ಟಸ್ವಾಮಿಗೆ ಹೇಳಿದೆ.

ಮಿಕ್ಸಿಂಗ್ ಮುಗಿಸಿ ಕ್ಯಾಸೆಟ್ ತರಲು ಅವರಿಗೆ ಒಂದು ತಿಂಗಳು ಬೇಕಾಯಿತು. ಭಾನುವಾರ ಮಧ್ಯಾಹ್ನ ಕ್ಯಾಸೆಟ್ ಹಾಕಿ ನೋಡುವ ವಿಸಿಪಿಯನ್ನೂ ಅವರೇ ಹೊತ್ತು ತಂದರು. ಅತ್ತೆ ಮುಂದೆ, ನಾನು ಮತ್ತು ನಮ್ಮವರು ಹಿಂದೆ ಕೂತೆವು. ಇದನ್ನು ನೋಡಿಯೂ ಅತ್ತೆ ನಂಬದಿದ್ದರೆ ಮುಂದೆ ಹೇಳಲು ನನ್ನಲ್ಲಿ ಇನ್ನೇನೂ ಉಳಿದಿರಲಿಲ್ಲ.

ನಾದಸ್ವರ ಶುರುವಾಯಿತು! ಪರದೆಯ ಮೇಲೊಂದು ತಾವರೆ ಅರಳಿತು. ಒಳಗಿನಿಂದ ಕೆದರಿದ ಕೂದಲಿನ ನನ್ನ ಮುಖ ಬಂತು. ಸುತ್ತ ಹೃದಯದ ಆಕಾರ, ಮೇಲಿನಿಂದ ಗುಲಾಬಿ ಎಸಳು. "ಇದೇನ್ರೀ ಪುಟ್ಟಸ್ವಾಮಿ!" ಎಂದೆ. "ಖಾಲಿ ಬಿಟ್ರೆ ಚೆನ್ನಾಗಿರಲ್ಲ ಕಣಮ್ಮ" ಎಂದರು ಅವರು. ನಮ್ಮವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅತ್ತೆ ಮಾತ್ರ ನಗಲಿಲ್ಲ. ಮುಂದಕ್ಕೆ ಬಾಗಿ ನನ್ನ ಬೆರಳುಗಳನ್ನೇ ನೋಡುತ್ತಿದ್ದರು. ನಾನು ಬಾಟಲಿಯನ್ನು ಹಲ್ಲಿನಲ್ಲಿ ಕಚ್ಚಿದಾಗ "ಅಯ್ಯೋ ಶಿವನೇ" ಎಂದರು.

ಅಷ್ಟರಲ್ಲಿ ಕ್ಯಾಸೆಟ್ಟಿನೊಳಗೆ, ಪರದೆಯಲ್ಲಿ ಕಾಣದ ಯಾರೋ ಹೆಂಗಸು ಕೂಗಿದಳು: "ಎದ್ದಿದ್ದಾಯ್ತೇನೇ ಮಹಾರಾಣಿ? ಆರತಿ ಎತ್ತಿ ಎಬ್ಬಿಸ್ಬೇಕಾ?"

ಅತ್ತೆ ಅಭ್ಯಾಸಬಲದಿಂದ ಟಿ.ವಿ.ಗೆ ಕೈ ತೋರಿಸಿ ಕೂಗಿಯೇಬಿಟ್ಟರು. "ಯಾವಳೇ ಅವಳು ಕಟುಕಿ! ಕೈ ಬರ್ದೆ ಒದ್ದಾಡ್ತಾ ಅವ್ಳೆ, ಕಣ್ ಕಾಣಲ್ವೇನೇ ನಿಂಗೆ? ನಾಲ್ಗೆ ಬಿದ್ದೋಗ!"

ನಾವು ಮಾತಾಡಿದ್ದು ನಮ್ಮ ಕಿವಿಗೆ ಕೇಳುವ ದನಿಯೇ ಬೇರೆ, ಕ್ಯಾಸೆಟ್ಟಿನಲ್ಲಿ ಬರುವ ದನಿಯೇ ಬೇರೆ. ಅತ್ತೆಗೆ ತಮ್ಮ ದನಿಯ ಗುರುತು ತಮಗೇ ಹತ್ತಿರಲಿಲ್ಲ. ಆ ಕೂಗು ಕ್ಯಾಮೆರಾದಲ್ಲಿ ಸೇರಿಕೊಂಡದ್ದು ನನಗೂ ಗೊತ್ತಿರಲಿಲ್ಲ. ದಿನಾ ಕೇಳಿ ಕೇಳಿ ನನಗೆ ಅದು ಕೇಳಿಸುವುದೇ ನಿಂತುಹೋಗಿತ್ತು. ಪುಟ್ಟಸ್ವಾಮಿ ಒಳ್ಳೆಯ ಮನಸ್ಸಿನಿಂದಲೇ, "ಅದು ನೀವೇ ಕಣಮ್ಮ. ಅಲ್ಲೊಂದ್ ಹಾಡು ಹಾಕೋಣ ಅಂದ್ಕೊಂಡಿದ್ದೆ, ಮರ್ತೋಯ್ತು" ಎಂದರು.

ಅದೇ ಹೊತ್ತಿಗೆ ಪರದೆಯ ಮೇಲೆ ಬಾಟಲಿಯ ಮುಚ್ಚಳ ಬಿಚ್ಚಿಕೊಂಡಿತು. ಆ ಶುಭ ಗಳಿಗೆಗೆ ಪುಟ್ಟಸ್ವಾಮಿ ಗಟ್ಟಿಮೇಳ ಹಾಕಿದ್ದರು. ಡೋಲು, ನಾದಸ್ವರ ಒಟ್ಟಿಗೆ ಮೊಳಗಿದವು, ಅಕ್ಷತೆ ಬಿತ್ತು. ನಾನು ನಗುತ್ತಿದ್ದೆನೋ ಅಳುತ್ತಿದ್ದೆನೋ ನನಗೇ ತಿಳಿಯದು. ಅತ್ತೆ ಸೆರಗಿನಲ್ಲಿ ಮುಖ ಒರೆಸಿಕೊಂಡು ಎದ್ದು ಒಳಗೆ ಹೋದರು. ರೇಷ್ಮೆ ಸೀರೆಯುಟ್ಟು ಪೂಜೆಗೆ ಕೂತ ತಮ್ಮ ಭಾಗ ಬಂದಾಗಲೂ ಹೊರಗೆ ಬರಲಿಲ್ಲ. ಅವರ ಮನಸ್ಸು ನೋಯಿಸಿಬಿಟ್ಟೆನೇನೋ ಎಂದು ನನಗೆ ಸಂಕಟವಾಯಿತು.

ಮಾರನೆಯ ಬೆಳಗ್ಗೆ ಕಣ್ಣು ಬಿಟ್ಟಾಗ ಅತ್ತೆ ನನ್ನ ಮಂಚದ ಅಂಚಿನಲ್ಲಿ ಕೂತಿದ್ದರು. ಇನ್ನೂ ಸ್ನಾನವಾಗಿರಲಿಲ್ಲ. ಬಿಸಿನೀರಿನಲ್ಲಿ ಹಿಂಡಿದ ಬಟ್ಟೆಯನ್ನು ನನ್ನ ಬಲಗೈಗೆ ಸುತ್ತುತ್ತ, "ಎಂಗಿದೆ ಈಗ?" ಎಂದು ಕೇಳಿದರು.

ಎರಡು ವರ್ಷದಿಂದ ಯಾರು ಕೇಳಿದರೂ ಪರವಾಗಿಲ್ಲ ಎನ್ನುತ್ತಿದ್ದವಳು ಅವತ್ತು, "ತುಂಬಾ ನೋಯ್ತಿದೆ ಅತ್ತೆ" ಎಂದೆ. ಹೇಳಿ ಮುಗಿಸುವಷ್ಟರಲ್ಲಿ ದುಃಖ ಉಮ್ಮಳಿಸಿ ಬಂತು.

"ಪೂಜೆಗೆ ಹೊತ್ತಾಯ್ತು, ಏಳ್ತೀನಿ ಇರಿ" ಎಂದು ಏಳಲು ಹೋದೆ. ಅತ್ತೆ ಭುಜ ಹಿಡಿದು ಮಲಗಿಸಿದರು. "ಮಲ್ಕೊಳೇ ಸುಮ್ನೆ. ಶಿವ ಎಲ್ಲಿಗೂ ಓಡೋಗಲ್ಲ" ಎಂದರು.

ಅವತ್ತೂ ಏಳಲು ಮುಕ್ಕಾಲು ಗಂಟೆಯೇ ಹಿಡಿಯಿತು. ನೋವು ಒಂದಿಷ್ಟೂ ಕಡಿಮೆಯಾಗಿರಲಿಲ್ಲ. ಆದರೆ ಅಷ್ಟೂ ಹೊತ್ತು ಒಬ್ಬರು ನನ್ನ ಕೈ ಹಿಡಿದುಕೊಂಡು ಕೂತಿದ್ದರು.